ಅವನು ಎಲ್ಲಿಗೂ ಹೋಗುವುದಿಲ್ಲ

ಮಾಟುಂಗದ ನಮ್ಮ ಕನ್ನಡ ಸಂಘದ ಫುಟ್‌ಬಾಲ್ ಟೀಮಿಗೆ ನಾನು ಮ್ಯಾನೇಜರ್. ಟೀಮಿನಲ್ಲಿ ಚೆಂಡನ್ನು ನೆಟ್ಟಗೆ ಒದೆಯುವವನು ಒಬ್ಬನೇ, ನಮ್ಮ ಸ್ಟ್ರೈಕರ್. ಹಾಗಾಗಿ ಅವನು ವಿಕ್ರೋಳಿ ಟೀಮಿಗೆ ಹೋಗುತ್ತಾನಂತೆ ಎಂಬ ಸುದ್ದಿ ಮಳೆಗಾಲದ ಶೀತದ ಹಾಗೆ ಬರುತ್ತಲೇ ಇರುತ್ತದೆ. ಬಂದಾಗಲೆಲ್ಲ ನಾನು ಹೇಳಿಕೆ ಕೊಡಬೇಕು, ಕೊಟ್ಟಾಗಲೆಲ್ಲ ಏನಾದರೊಂದು ಎಡವಟ್ಟು. ಅವನು ಹೋದರೆ ನಿನ್ನ ಮ್ಯಾನೇಜರಿಕೆಯೂ ಹೋಯಿತು ಎಂದು ಕಮಿಟಿ ಬೇರೆ ಹೇಳಿಬಿಟ್ಟಿದೆ.

೧. ಹೋಟೆಲಿನಲ್ಲಿ

ಇಡ್ಲಿ ತಿನ್ನುತ್ತಿದ್ದಾಗ ಪಕ್ಕದ ಟೇಬಲಿನವರು, "ನಿಮ್ಮ ಸ್ಟ್ರೈಕರ್ ಹೊರಟನಂತಲ್ಲ?" ಎಂದರು.

ನಾನು ಇಡೀ ಹೋಟೆಲಿಗೆ ಕೇಳುವ ಹಾಗೆ, "ಸುಳ್ಳು! ಅವನು ಎಲ್ಲಿಗೂ ಹೋಗುವುದಿಲ್ಲ. ಇದೇ ಕೊನೆಯ ಮಾತು!" ಎಂದೆ.

ಅಷ್ಟರಲ್ಲಿ ನನ್ನೆದುರೇ ಕೂತಿದ್ದ ಸ್ಟ್ರೈಕರ್ ಎದ್ದು ನಿಂತ. ಎಲ್ಲರ ಚಮಚಗಳೂ ನಿಂತವು.

"ಎಲ್ಲಿಗೋ?"

"ಕೈ ತೊಳೀಲಿಕ್ಕೆ ಸರ್. ಹೋಗ್ಲ್ಯಾ, ಬ್ಯಾಡಾ?"

೨. ಲೋಕಲ್ ಟ್ರೇನಿನಲ್ಲಿ

ಸಂಜೆಯ ಗರ್ದಿ. ವಿಕ್ರೋಳಿಯ ಮ್ಯಾನೇಜರ್ ಕಿಟಕಿ ಪಕ್ಕ ಕೂತು ಸುತ್ತಲಿನವರಿಗೆ ಹೇಳುತ್ತಿದ್ದರು, "ಬೇರೆ ಟೀಮಿನ ಹುಡುಗನ ಬಗ್ಗೆ ನಾನು ಮಾತಾಡುವುದಿಲ್ಲ ಮಾರಾಯ್ರೆ. ಅದು ಮರ್ಯಾದೆ ಅಲ್ಲ."

ನೋಡುತ್ತೇನೆ, ಅವರ ತೊಡೆಯ ಮೇಲೆ ನಮ್ಮ ಸ್ಟ್ರೈಕರನ ಬೂಟಿನ ಬ್ಯಾಗು! ನನಗೆ ಮೈಯೆಲ್ಲ ಉರಿದುಹೋಯಿತು. "ಅವನ ಬ್ಯಾಗು ನಿಮ್ಮ ಹತ್ತಿರ ಯಾಕೆ? ಎಲ್ಲ ಮುಗಿಸಿಬಿಟ್ಟಿರಾ?" ಎಂದು ಕೂಗಿದೆ.

"ಅವ ಅಲ್ಲಿ ಬಾಗಿಲಲ್ಲಿ ನೇತಾಡ್ತಾ ಇದ್ದಾನೆ. ನಿಂತವರ ಬ್ಯಾಗು ಕೂತವರು ಹಿಡಿಯೋದಲ್ವಾ?" ಎಂದು ಅವರು ಬ್ಯಾಗಿನಡಿಯಿಂದ ನನ್ನದೇ ಊಟದ ಡಬ್ಬಿ ಎತ್ತಿ ತೋರಿಸಿದರು. "ಇದು ಈಗಷ್ಟೇ ನೀವೇ ಕೈಯಿಂದ ಕೈಗೆ ದಾಟಿಸಿದ್ದು. ನೀವೂ ನಮ್ಮ ಟೀಮಿಗೆ ಬರ್ತೀರಾ?"

೩. ಮೈಕಿನ ಮುಂದೆ, ಆಮೇಲೆ ಮುಲುಂಡಿನಲ್ಲಿ

ಹೊಗಳಿದರೆ ತಾನೇ ಕಣ್ಣು ಬೀಳುವುದು, ತೆಗಳೋಣ ಎಂದುಕೊಂಡೆ. ಸಂಘದ ವಾರ್ಷಿಕೋತ್ಸವದಲ್ಲಿ ವಿಕ್ರೋಳಿಯವರು ಮುಂದೆಯೇ ಕೂತಿದ್ದರು. ಮೈಕ್ ಹಿಡಿದು ಹೇಳಿದೆ, "ನಮ್ಮ ಸ್ಟ್ರೈಕರನ ಮೊಣಕಾಲು ಸರಿಯಿಲ್ಲ. ಹತ್ತು ನಿಮಿಷಕ್ಕೇ ಸುಸ್ತು. ಯಾರ ಮಾತೂ ಕೇಳುವುದಿಲ್ಲ. ಇರುವುದು ಒಂದು ಕಡೆ, ಕಣ್ಣು ಇನ್ನೊಂದು ಕಡೆ!"

ವಿಕ್ರೋಳಿಯವರು ಕದಲಲಿಲ್ಲ. ಎರಡನೇ ಸಾಲಿನಿಂದ ಒಂದು ಕುಟುಂಬ ಎದ್ದು ಹೊರಟೇಹೋಯಿತು. ಅವನನ್ನು ನೋಡಲು ಮುಲುಂಡಿನಿಂದ ಬಂದಿದ್ದ ಹೆಣ್ಣಿನ ಕಡೆಯವರು!

ಅವನ ತಾಯಿ ಧಾರವಾಡದವರು. ಸ್ಟೇಜಿನ ಮೆಟ್ಟಿಲಲ್ಲೇ ನನ್ನನ್ನು ಹಿಡಿದರು. "ಕೂಡಿ ಬಂದ ಲಗ್ನಾ ಮುರದ್ರಿ. ಈಗ ಮುಲುಂಡಕ್ಕ ಹೋಗಿ ನೀವs ಕೂಡಸ್ರಿ."

ಹೋದೆ. ನಿಜಕ್ಕೂ ನಾಚಿಕೆಯಾಗಿತ್ತು. ಹುಡುಗಿಯ ಮನೆಯ ಸೋಫಾದ ಮೇಲೆ ಕೂತು ಬಾಯಿ ಒಣಗುವ ತನಕ ಹೊಗಳಿದೆ. ಹುಡುಗ ಬಂಗಾರ, ಮೊಣಕಾಲೂ ಬಂಗಾರ ಎಂದೆ. ಹುಡುಗಿಯ ತಂದೆ ಕರಗಿದರು. "ಹಂಗಾರ ನಮಗ ಕೊಟ್ಟಬಿಡ್ರಿ ಅವನ್ನ. ಮದಿವ್ಯಾದ ಮ್ಯಾಲೆ ಇಲ್ಲೇ ಮುಲುಂಡದಾಗ ಇರ್ಲಿ."

ನಾಲಿಗೆಗೆ ಅಭ್ಯಾಸ ನೋಡಿ, ಎದ್ದು ನಿಂತು ಕೂಗಿಯೇಬಿಟ್ಟೆ, "ಕೊಡುವುದಾ? ಅವನು ಎಲ್ಲಿಗೂ ಹೋಗುವುದಿಲ್ಲ. ಇದೇ ಕೊನೆಯ ಮಾತು!"

ಹುಡುಗಿಯೂ ಫುಟ್‌ಬಾಲ್ ನೋಡುವವಳಂತೆ. ನಗು ತಡೆದುಕೊಂಡು ಹಿಂದಿ ಬೆರೆತ ತನ್ನ ಅರ್ಧಂಬರ್ಧ ಕನ್ನಡದಲ್ಲಿ ಹೇಳಿದಳು:

"ಅಂಕಲ್, ಪೂರಾ ಕೊಡಲ್ಲ ಅಂದ್ರೆ ಲೋನ್ ಮೇಲೆ ಕೊಡಿ ನಾ. ಸಂಡೇ ಮ್ಯಾಚ್‌ಗೆ ವಾಪಸ್ ಭೇಜ್ ದೂಂಗಿ."