ಇಂಗ್ಲೆಂಡಿನ ಕಾಡು, ನಮ್ಮತ್ತೆಯ ಅವರೆಕಾಯಿ

ಇದನ್ನು ಬರೆಯಲು ಕೂತು ಮೂರನೇ ಸಲ ಎದ್ದಿದ್ದೇನೆ. ಮೊದಲು ಮಗಳ ಪೆನ್ಸಿಲ್ ಮೊನೆ ಮುರಿಯಿತು. ಆಮೇಲೆ ಅತ್ತೆಯ ಕನ್ನಡಕ ಕಳೆಯಿತು, ಅದು ಅವರ ತಲೆಯ ಮೇಲೇ ಇತ್ತು. ಈಗ ಕುಕ್ಕರ್ ಕೂಗಿತು. ಈ ಮನೆಯಲ್ಲಿ ನಾನು ಸಾಯಲು ಮಲಗಿದರೂ ನಡುವೆ ಎಬ್ಬಿಸಿ ಕಾಫಿ ಕೇಳುತ್ತಾರೆ. ಹೀಗಿರುವ ಮನೆಯಲ್ಲಿ ಪ್ರಸಂಗಗಳಿಗೆ ಬರವೇ? ದಿನಕ್ಕೊಂದು ನಡೆಯುತ್ತದೆ, ನಾನು ನಕ್ಕು ಮರೆಯುತ್ತೇನೆ. ಈ ಸಲದ್ದು ಮಾತ್ರ ನನ್ನ ನಾದಿನಿಯ ಮದುವೆಯನ್ನೇ ಮುರಿಯುವ ತನಕ ಹೋಗಿತ್ತು.

೧. ಬಡವರ ದೇಶ

ನನಗಿರುವುದು ಒಂದೇ ಚಟ. ಗಂಡ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಹೋದ ಮೇಲೆ, ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಫೋನನ್ನು ರಾಗಿಹಿಟ್ಟಿನ ಡಬ್ಬಕ್ಕೆ ಒರಗಿಸಿ, ಇಂಗ್ಲೆಂಡಿನವರು ಕಾಡಿನಲ್ಲಿ ತೆಗೆದ ಹೆದರಿಕೆ ಪಿಕ್ಚರ್ ನೋಡುವುದು. ಕೈಯಲ್ಲಿ ಕಾಸಿಲ್ಲದವರು ತೆಗೆದ ಪಿಕ್ಚರ್‌ಗಳು ಅವು. ಐದು ಜನ, ಒಂದು ಕಾರು, ಒಂದು ಟಾರ್ಚು. ಕಾರು ಕೆಡುತ್ತದೆ, ಸಿಗ್ನಲ್ ಹೋಗುತ್ತದೆ, ಟಾರ್ಚು ಮಿಣುಕುತ್ತದೆ, ಆಮೇಲೆ ಒಬ್ಬೊಬ್ಬರಾಗಿ ಸಾಯುತ್ತಾರೆ. ಎಲ್ಲ ಕತ್ತಲಲ್ಲೇ ನಡೆಯುವುದರಿಂದ ಕೊಲೆಗಾರನಿಗೆ ಒಳ್ಳೆ ಬಟ್ಟೆ ಹೊಲಿಸುವ ಖರ್ಚೂ ಇಲ್ಲ.

ಒಂದು ದಿನ ಅತ್ತೆ ಅವರೆಕಾಯಿ ಸುಲಿಯುತ್ತಾ ಪಕ್ಕದಲ್ಲಿ ಬಂದು ಕೂತರು.

"ಇದ್ಯಾವ ದೇಶ ಕಣಮ್ಮ?"

"ಇಂಗ್ಲೆಂಡು, ಅತ್ತೆ."

"ಇದಾ? ನಮ್ಮ ನೀಲಗಿರಿ ತೋಪೇ ವಾಸಿ."

ಅಷ್ಟರಲ್ಲಿ ದೇವನಹಳ್ಳಿಗೆ ಇಳಿಯುವ ವಿಮಾನವೊಂದು ನಮ್ಮ ಹೆಂಚಿನ ಮೇಲೇ ಹೋಯಿತು. ಗೂಡಿನ ಲೋಟಗಳೆಲ್ಲ ನಡುಗಿದವು. ಅತ್ತೆ ಒಮ್ಮೆ ಮೇಲೆ ನೋಡಿದರು, ಒಮ್ಮೆ ಫೋನು ನೋಡಿದರು.

"ರೋಡಿಗೆ ಲೈಟಿಲ್ಲ, ಮನೆಗೆ ಕರೆಂಟಿಲ್ಲ, ಪಿಕ್ಚರ್ ಪೂರ್ತಿ ಒಂದೇ ಜಾಕೀಟು. ಇವರಾ ನಮ್ಮನ್ನ ಆಳಿದ್ದು?"

೨. ಕೊಲೆಗಾರನ ಕಡೆಯವರು

ನಾನು ಓದಿರುವುದು ಹತ್ತನೇ ಕ್ಲಾಸು, ಅದೂ ಕನ್ನಡ ಮೀಡಿಯಂ. ಆ ಜನ ಮಾತಾಡುವುದೋ, ಬಾಯಲ್ಲಿ ಬಿಸಿ ಮುದ್ದೆ ಇಟ್ಟುಕೊಂಡ ಹಾಗೆ. ಅರ್ಧ ನನಗೇ ತಿಳಿಯುವುದಿಲ್ಲ. ಅತ್ತೆಗೆ ಮಾತ್ರ ಪ್ರತಿ ಮಾತಿಗೂ "ಏನಂತೆ, ಏನಂತೆ?" ಬೇಕು. ಹಾಗಾಗಿ ಬಾಯಿಗೆ ಬಂದದ್ದು ಹೇಳುತ್ತಿದ್ದೆ.

ಒಂದು ಪಿಕ್ಚರಿನಲ್ಲಿ ಗಡ್ಡದ ಮುದುಕನೊಬ್ಬ ಕೊಡಲಿ ಹಿಡಿದು ಹುಡುಗರನ್ನು ಅಟ್ಟಿಸಿಕೊಂಡು ಬಂದ.

"ಅಯ್ಯೋ, ಯಾಕಂತೆ?" ಅಂದರು ಅತ್ತೆ.

ಯಾಕೋ ನನಗೇನು ಗೊತ್ತು? ಏರ್‌ಪೋರ್ಟ್ ಬಂದು ಜಮೀನಿನ ಬೆಲೆ ಏರಿದ ಮೇಲೆ ಒಂದು ಗೇಣು ಬದುವಿಗಾಗಿ ಅಣ್ಣತಮ್ಮಂದಿರೇ ಮಾತು ಬಿಟ್ಟ ಊರು ನಮ್ಮದು. ಅದೇ ನೆನಪಾಗಿ, "ಆ ಹುಡುಗರ ಅಪ್ಪಂದಿರು ಇವನ ಹೊಲದ ಬದು ಒತ್ತಿದ್ದಾರಂತೆ" ಎಂದುಬಿಟ್ಟೆ.

ಅತ್ತೆಯ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. ಕಣ್ಣಲ್ಲಿದ್ದ ಹೆದರಿಕೆ ಹೋಗಿ ನ್ಯಾಯ ಬಂತು.

"ಹಂಗಾದ್ರೆ ಆ ಕೊಡಲಿ ಚಿಕ್ಕದಾಯ್ತು ಬಿಡು."

೩. ಡೈರಿಯಲ್ಲಿ ವಾರ್ತೆ

ಸಂಜೆ ಹಾಲು ಹಾಕಲು ಹೋದಾಗ ಅತ್ತೆ ಡೈರಿಯ ಸಾಲಿನಲ್ಲಿ ನಿಂತು ಈ ಕಥೆಗಳನ್ನೆಲ್ಲ ಹೇಳುತ್ತಿದ್ದರು. ಪಿಕ್ಚರ್ ಎಂದು ಹೇಳುವುದನ್ನು ಮಾತ್ರ ಮರೆಯುತ್ತಿದ್ದರು. ಸೋಮವಾರ ಐದು ಜನ ಹೋದರು, ಮಂಗಳವಾರ ನಾಲ್ಕು, ಬುಧವಾರ ನಾಯಿ ಸೇರಿ ಆರು.

ನಾನು ಹೋದ ದಿನ ಹಾಲು ಅಳೆಯುವವರು ನನ್ನನ್ನು ಪಕ್ಕಕ್ಕೆ ಕರೆದರು. ಮುಖ ಸಪ್ಪಗಿತ್ತು.

"ತಂಗ್ಯಮ್ಮ, ಇಂಗ್ಲೆಂಡಲ್ಲಿ ಇನ್ನೂ ಎಷ್ಟು ಜನ ಉಳಿದವ್ರೆ?"

೪. ಗಂಡಿನ ಕಡೆಯವರು

ಇಷ್ಟರ ನಡುವೆ ನಾದಿನಿಗೆ ಗಂಡು ಬಂತು. ಹೊಸಕೋಟೆ ಕಡೆಯ ಹುಡುಗ, ವಯಸ್ಸಾದವರನ್ನು ನೋಡಿಕೊಳ್ಳುವ ಕಡೆ ನರ್ಸು. ಎಲ್ಲಿ? ಇಂಗ್ಲೆಂಡಿನಲ್ಲಿ.

ಸುದ್ದಿ ಕೇಳಿ ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಏರ್‌ಪೋರ್ಟಿನ ಕಾಫಿ ಅಂಗಡಿಯಲ್ಲಿ ದುಡಿಯುವ ನಾದಿನಿ ಡ್ಯೂಟಿಯಿಂದ ಬಂದವಳೇ ನನ್ನನ್ನು ಅಡುಗೆಮನೆಯ ಮೂಲೆಗೆ ತಳ್ಳಿದಳು.

"ಅತ್ತಿಗೆ, ಹುಡುಗ ನನಗಿಷ್ಟ. ನಿಮ್ಮ ಕೊಡಲಿ ಮುದುಕನಿಂದ ಈ ಸಂಬಂಧ ತಪ್ಪಿದ್ರೆ ನಾನೇ ಕೊಡಲಿ ಹಿಡೀತೀನಿ."

ಭಾನುವಾರ ಬೆಳಿಗ್ಗೆ ಹುಡುಗ ತಾಯಿಯ ಜೊತೆ ಬಂದ. ಉಪ್ಪಿಟ್ಟು ಕೇಸರಿಬಾತ್ ಆಯಿತು. ಸಂಬಳ, ಗೋತ್ರ, ಜಾತಕ ಕೇಳುತ್ತಾರೆಂದು ಅವರು ಸಿದ್ಧವಾಗಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು ಶುರುಮಾಡಿದರು.

"ಏನಪ್ಪಾ, ನಿಮ್ಮನೆ ಹಿಂದೆ ಕಾಡೈತಾ?"

ಹುಡುಗ ನನ್ನ ಮುಖ ನೋಡಿದ. ನಾನು ಸೂರು ನೋಡಿದೆ.

"ಸ್ವಲ್ಪ ಮರಗಳಿವೆ ಅಮ್ಮ."

"ಸಿಗ್ನಲ್ ಸಿಗ್ತದಾ?"

"ಒಂದೊಂದ್ಸಲ ಸಿಗಲ್ಲ."

ನಾದಿನಿ ಕಾಫಿ ತಟ್ಟೆಯ ಸಮೇತ ಬಾಗಿಲಲ್ಲೇ ನಿಂತಳು.

"ಕೂಗಿಕೊಂಡ್ರೆ ಯಾರಾದ್ರೂ ಬರ್ತಾರಾ?"

ಹುಡುಗನ ತಾಯಿಗೆ ತಡೆಯಲಾಗಲಿಲ್ಲ. "ನಿಮ್ಮ ಮಗಳು ಯಾಕ್ರೀ ಕೂಗಿಕೋತಾಳೆ? ನನ್ನ ಮಗ ಅಂಥವನಾ?"

ಸಂಬಂಧ ಮುರಿಯಿತೆಂದೇ ನಾನು ಅಂದುಕೊಂಡೆ. ಹುಡುಗ ಗಟ್ಟಿಗ. ನಿಧಾನವಾಗಿ ಹೇಳಿದ: "ಅಮ್ಮ, ಪಕ್ಕದ ಮನೇಲಿ ಮಂಡ್ಯದವರಿದ್ದಾರೆ. ಬಾಗಿಲ ಮುಂದೆ ಬಸ್ ನಿಲ್ತದೆ."

"ಬಸ್ಸಾ?" ಅತ್ತೆಯ ಮುಖ ಅರಳಿತು. ಯಾವ ಪಿಕ್ಚರಿನಲ್ಲೂ ಅವರು ಬಸ್ ಕಂಡಿರಲಿಲ್ಲ. "ಮೊದಲೇ ಹೇಳಬಾರದಾ ಮಗ! ಬಸ್ ಓಡಾಡೋ ಊರಲ್ಲಿ ಯಾವನು ಕೊಡಲಿ ಎತ್ತುತಾನೆ?"

ಸಂಬಂಧ ಅಲ್ಲಿಗೇ ಕೂಡಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸರಿಯಿರುತ್ತಿತ್ತು. ಖುಷಿಗೆ ಬಾಯಿ ನಿಲ್ಲಲಿಲ್ಲ. "ಅತ್ತೆ, ಇಂಗ್ಲೆಂಡು ಬಂಗಾರದಂಥ ದೇಶ. ತಡ ಮಾಡೋದೇ ಬೇಡ, ಮುಂದಿನ ತಿಂಗಳೇ ಮದುವೆ ಮಾಡಿ ಕಳಿಸಿಬಿಡೋಣ" ಎಂದೆ.

ಅತ್ತೆ ಎತ್ತಿದ್ದ ತಾಂಬೂಲದ ತಟ್ಟೆಯನ್ನು ಕೆಳಗಿಟ್ಟರು. ಬೀಗರು, ನಾದಿನಿ, ನನ್ನ ಗಂಡ, ಎಲ್ಲರೂ ನನ್ನ ಕಡೆ ತಿರುಗಿದರು. ಹತ್ತನೇ ಕ್ಲಾಸಿನ ಲೆಕ್ಕದ ಪರೀಕ್ಷೆಯಲ್ಲೂ ನಾನು ಅಷ್ಟು ಬೆವತಿರಲಿಲ್ಲ.

"ಅಲ್ಲ ಕಣಮ್ಮ, ಅಲ್ಲಿಗೆ ಹೋದೋರು ಒಬ್ರೂ ವಾಪಸ್ ಬರಲ್ಲ ಅಂತ ಮೂರು ತಿಂಗಳಿಂದ ನಂಗೆ ಹೇಳ್ತಿದ್ದೋಳು ನೀನು. ಈಗ ನನ್ನ ಮಗಳನ್ನ ಅಲ್ಲಿಗೇ ಕಳಿಸೋಕೆ ನಿಂಗ್ಯಾಕೆ ಇಷ್ಟೊಂದು ಆತುರ?"