ಕುಂಡ್ರಾಕ ಕೊಡದ ಅಂಗಡಿ

ಗಿರಾಕಿ ಬೈದರೆ ನಾವು ನಕ್ಕು ಸೀರೆ ಬದಲಾಯಿಸಿ ಕೊಡುತ್ತೇವೆ. ಕೆಲಸದವರೇ ಬೈದರೆ ಏನು ಬದಲಾಯಿಸಿ ಕೊಡಬೇಕು? ವಿಜಯಪುರದ ಸ್ಟೇಷನ್ ರಸ್ತೆಯ ಸೀರೆ ಅಂಗಡಿಯೊಂದರಲ್ಲಿ ಮ್ಯಾನೇಜರ್ ಆಗಿರುವ ನನಗೆ ಈಗೀಗ ಇದೇ ಯೋಚನೆ. ಫೋನಿನಲ್ಲಿ ಅಂಗಡಿಯ ಹೆಸರು ಹುಡುಕಿದರೆ ಕೆಳಗೆ ಐದಕ್ಕಿಷ್ಟು ಎಂದು ಕೊಡುವ ಸ್ಟಾರ್ ಚುಕ್ಕಿಗಳೂ ಜನರ ಅಭಿಪ್ರಾಯಗಳೂ ಬರುತ್ತವಲ್ಲ, ಅವಕ್ಕೆ ಉತ್ತರ ಬರೆಯುವವನು ನಾನು. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಹುಟ್ಟಿರುತ್ತದೆ.

೧. ಅದಬ್

ಕೆಲಸ ಬಿಟ್ಟು ಹೋದ ಕಳ್ಳಕವಟಗಿಯ ಹೆಣ್ಣುಮಗಳೊಬ್ಬಳು ಒಂದೇ ಚುಕ್ಕಿ ಕೊಟ್ಟು ಬರೆದಿದ್ದಳು: "ಈ ಅಂಗಡ್ಯಾಗ ದಿನಾಪೂರ್ತಿ ನಿಂದ್ರಸ್ತಾರ. ಗಿರಾಕಿ ಇಲ್ಲಂದ್ರೂ ಕುಂಡ್ರಾಕ ಕೊಡಂಗಿಲ್ಲ. ಕಾಲು ಬಾತು ಹೋಗ್ತಾವು."

ಸುಳ್ಳೇನಲ್ಲ. ಮೊದಲು ನಮ್ಮಲ್ಲಿ ಗಾದಿ ಇತ್ತು. ಗಿರಾಕಿಯೂ ನಾವೂ ಎದುರುಬದುರು ಕೂತು ಸೀರೆ ಬಿಚ್ಚುತ್ತಿದ್ದೆವು. ಸಾಹುಕಾರರು ಅಂಗಡಿಯನ್ನು ಶೋರೂಮ್ ಮಾಡಿದಾಗ ಗಾದಿ ಹೋಗಿ ಗಾಜಿನ ಕೌಂಟರ್ ಬಂತು. ಕುರ್ಚಿಗಳೆಲ್ಲ ಗಿರಾಕಿಗಳ ಪಾಲಾದವು.

"ಗಿರಾಕಿ ಮುಂದ ನಾವು ಕುಂತ್ರ ಅದಬ್ ಅಲ್ಲ. ನಮ್ಮಲ್ಲಿ ಮರ್ಯಾದಿ ಮುಖ್ಯ ಅಂತ ಬರೀರಿ" ಎಂದರು ಸಾಹುಕಾರರು.

ಬರೆದೆ. ಕೈ ಬರೆಯಿತು, ಮೊಣಕಾಲು ಒಪ್ಪಲಿಲ್ಲ.

"ಕಡೀಕ ಅದನ್ನೂ ಹಾಕ್ರಿ. ಲಗ್ನದ ಸೀಜನ್ ಬಂತು, ಕುಟುಂಬ ಸಮೇತ ಬರ್ರಿ ಅಂತ."

"ಸಿಟ್ಟಾಗಿ ಬಿಟ್ಟು ಹೋದಾಕಿಗೇನ್ರೀ?"

"ಯಾಕ, ಸಿಟ್ಟು ಬಂದವರ ಮನ್ಯಾಗ ಲಗ್ನಾ ಆಗಂಗಿಲ್ಲೇನ್ರಿ?"

೨. ತಂದೆಯ ಸಮಾನ

ಆ ಒಂದು ಚುಕ್ಕಿ ನಮ್ಮನ್ನು ಅವಳೂರಿನ ಹತ್ತಿರದ ತಿಕೋಟಾದಲ್ಲಿ ಹಿಡಿಯಿತು. ಸಾಹುಕಾರರು ಅಲ್ಲಿ ಹೊಸ ಶಾಖೆ ತೆರೆಯುವವರಿದ್ದರು. ಜಾಗ ಸಿಕ್ಕಿತ್ತು, ಬೋರ್ಡೂ ಬಂದಿತ್ತು. ಕೆಲಸಕ್ಕೆ ಹೆಣ್ಣುಮಕ್ಕಳು ಮಾತ್ರ ಬರಲೊಲ್ಲರು. ಲಗ್ನದ ಸೀಜನ್‌ನಲ್ಲಿ ಬಾಗಿಲು ತೆರೆಯದಿದ್ದರೆ ಆ ಶಾಖೆಯ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಫೋನು ಈಗ ಎಲ್ಲರ ಮನೆಯಲ್ಲೂ ಇದೆ. ಎಲ್ಲರೂ ಓದಿಬಿಟ್ಟಿದ್ದರು.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂದು ಸಾಹುಕಾರರು ಒಂದು ಮಾದರಿ ಬರೆಸಿ ಅಂಗಡಿಯ ಎಲ್ಲರ ಫೋನಿಗೂ ಕಳಿಸಿದರು: "ನಾನು ಇಲ್ಲಿ ಸಂತೋಷದಿಂದ ಕೆಲಸ ಮಾಡುತ್ತಿದ್ದೇನೆ. ಮಾಲೀಕರು ನನಗೆ ತಂದೆಯ ಸಮಾನ." ಎಲ್ಲರೂ ಹಾಗೆಯೇ ತೆಗೆದು ಅಂಟಿಸಿದರು. ಹಣದ ಗಲ್ಲೆಯ ಮೇಲೆ ಕೂರುವ ಸಾಹುಕಾರರ ಸೋದರಮಾವ, ನಾವೆಲ್ಲ ಮಾಮು ಎಂದು ಕರೆಯುವ ಹಿರಿಯರು, ಅವರೂ ಅಂಟಿಸಿದರು. ಅಂಗಡಿಯಲ್ಲಿ ಕೂತು ಕೆಲಸ ಮಾಡುವವರು ಅವರೊಬ್ಬರೇ, ಸಂತೋಷ ನಿಜವೇ ಇರಬೇಕು.

ಮುಂದಿನ ವಾರ ಸಾಹುಕಾರರೂ ನಾನೂ ಕೆಲಸಕ್ಕೆ ಹುಡುಗಿಯೊಬ್ಬಳನ್ನು ಕೇಳಲು ತಿಕೋಟಾದ ಒಂದು ಮನೆಗೆ ಹೋದೆವು. ಹುಡುಗಿಯ ತಾಯಿ ವರನನ್ನು ವಿಚಾರಿಸಿದಂತೆ ನಮ್ಮನ್ನು ವಿಚಾರಿಸಿದಳು. ಕೂರಲು ಕೊಡುತ್ತೀರಾ ಎಂದು ಕೇಳಿದಳು. ಸಾಹುಕಾರರು ಅದಬ್‌ನ ಮಾತು ತೆಗೆದರು. ಆಕೆ ಮಾಮು ಅಂಟಿಸಿದ್ದನ್ನು ತೆರೆದು ಫೋನನ್ನು ಅವರ ಮುಂದೆ ಹಿಡಿದಳು.

"ಅದಿರಲಿ ಸಾವ್ಕಾರ್ರ. ನಿಮ್ಮ ಮಾಮೂಗ ನೀವ ಅಪ್ಪ ಆದ್ರ, ನನ್ನ ಮಗಳಿಗೆ ಏನಾಗ್ತೀರಿ? ಅಜ್ಜ ಮುತ್ಯಾನ?"

೩. ಬಸ್ತಾ

ತಿಕೋಟಾದಿಂದ ಬರಿಗೈಯಲ್ಲಿ ಬಂದೆವು. ಸಾಹುಕಾರರು ಕೆಟ್ಟವರಲ್ಲ. ಕೆಲಸದವರ ಮನೆಯ ಸುಖದುಃಖಕ್ಕೆ ಎಲ್ಲರಿಗಿಂತ ಮೊದಲು ಹೋಗುವವರು. ಕಾಲು ನೋವು ಮಾತ್ರ ಅವರಿಗೆ ಕಾಣುತ್ತಿರಲಿಲ್ಲ, ಅದು ಕೌಂಟರಿನ ಹಿಂದೆ ಇತ್ತಲ್ಲ.

ಹೀಗಿರಲು ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಎರಡು ಟಂಟಂ ಆಟೋ ತುಂಬ ಜನ ಇಳಿದರು. ಮುಂದೆ ಬಂದವಳು ಆ ಕಳ್ಳಕವಟಗಿಯವಳೇ.

"ಕುಟುಂಬ ಸಮೇತ ಬರ್ರಿ ಅಂದಿದ್ರಲ್ರೀ, ಬಂದೀವಿ. ತಮ್ಮನ ಲಗ್ನದ ಬಸ್ತಾ ಐತಿ. ಮಾಲು ನಿಮ್ಮದ ಚಲೋ, ನನಗ ಗೊತ್ತೈತಿ."

ಮದುವೆಗೆಂದು ಇಡೀ ಮನೆತನಕ್ಕೆ ಒಟ್ಟಿಗೆ ಬಟ್ಟೆ ಕೊಳ್ಳುವುದೇ ಬಸ್ತಾ. ಬಸ್ತಾ ಬಂದರೆ ಸಾಹುಕಾರರೇ ಕೈಯಾರೆ ಸೀರೆ ತೋರಿಸಬೇಕು. ಇದು ಅವರ ತಂದೆಯ ಕಾಲದಿಂದ ಬಂದ ಪದ್ಧತಿ. ತಂದೆ ಗಾದಿಯ ಮೇಲೆ ಕೂತು ತೋರಿಸುತ್ತಿದ್ದರು. ಮಗನಿಗೆ ಗಾಜಿನ ಕೌಂಟರ್ ಇತ್ತು, ಅದಬ್ ಇತ್ತು, ಕುರ್ಚಿ ಇರಲಿಲ್ಲ.

ಅವಳು ಕುರ್ಚಿಯಲ್ಲಿ ಆರಾಮಾಗಿ ಕೂತಳು. ಅವಳ ಚಿಗವ್ವನಿಗೆ ಬಣ್ಣ ಒಪ್ಪದು, ಅತ್ತೆಗೆ ಸೆರಗು ಒಪ್ಪದು. ಬಬಲೇಶ್ವರದ ಬೀಗರಿಗೆ ಎಲ್ಲಾ ನೋಡಿದ ಮೇಲೆ ಮೊದಲು ನೋಡಿದ್ದೇ ಮತ್ತೆ ಬೇಕು. ಮಧ್ಯಾಹ್ನದ ಹೊತ್ತಿಗೆ ಸಾಹುಕಾರರು ಭಾರವನ್ನು ಈ ಕಾಲಿನಿಂದ ಆ ಕಾಲಿಗೆ ಬದಲಿಸತೊಡಗಿದರು. ನಾನು ನೋಡಿದೆ. ಅವಳೂ ನೋಡಿದಳು. ಚಹಾ ಬಂತು. ಅವರೆಲ್ಲ ಕೂತು ಕುಡಿದರು, ಸಾಹುಕಾರರು ನಿಂತು ಕುಡಿದರು.

"ಬಾರಪಾ, ಇಲ್ಲೆ ಕುಂಡ್ರು" ಎಂದು ಮಾಮು ಗಲ್ಲೆ ಬಿಟ್ಟು ಎದ್ದರು.

"ಗಿರಾಕಿ ಅದಾರ, ಮಾಮು" ಎಂದರು ಸಾಹುಕಾರರು, ಹಲ್ಲು ಕಚ್ಚಿ.

ಹೊತ್ತು ಇಳಿಯುವಾಗ ಖರೀದಿ ಮುಗಿಯಿತು. ಬಸ್ತಾದವರನ್ನು ಬಾಗಿಲವರೆಗೆ ಕಳಿಸಿಬರುವುದೂ ಪದ್ಧತಿಯೇ. ಆ ದಿನ ಆಗಲಿಲ್ಲ. ಕೌಂಟರ್ ಹಿಡಿದೇ ಕೈ ಎತ್ತಿದರು. ಅಂಗಡಿಯ ಹೆಣ್ಣುಮಕ್ಕಳು ತಲೆ ತಗ್ಗಿಸಿ ಸೀರೆ ಮಡಚುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಿದ್ದರೆ ನಗು ತಡೆಯುತ್ತಿರಲಿಲ್ಲ. ನನಗೂ ನಗು ಬಂತು, ಹಿಂದೆಯೇ ಪಾಪ ಅನಿಸಿತು.

ಸಂಜೆ ಫೋನ್ ನೋಡಿದರೆ ಅವಳು ಹಳೆಯ ಬರಹ ತೆಗೆದು ಹೊಸದು ಹಾಕಿದ್ದಳು. ಚುಕ್ಕಿ ಅದೇ ಒಂದು. ಸಾಹುಕಾರರಿಗೆ ಗಟ್ಟಿಯಾಗಿ ಓದಿ ಹೇಳಿದೆ: "ಮಾಲು ಚಲೋ ಐತಿ. ಸಾವ್ಕಾರ್ರು ಬ್ಯಾಸರಿಲ್ದ ತೋರಸ್ತಾರ. ಆದ್ರ ಪಾಪ, ವಯಸ್ಸಾದವರನ್ನ ಮುಂಜಾನಿಂದ ನಿಂದ್ರಸ್ಯಾರ. ಅವರಿಗೊಂದು ಕುರ್ಚಿ ಕೊಡ್ರಿ."

ಅವರು ಕಾಲು ನೀವಿಕೊಂಡರು.

"ಏನಂತ ಉತ್ತರಾ ಬರೀಲ್ರಿ?"

"ಉತ್ತರ ಆಮ್ಯಾಲ. ಮೊದಲ ಬಡಿಗ್ಯಾಗ ಫೋನ್ ಹಚ್ರಿ. ಎಲ್ಲಾರಿಗೂ ಒಂದೊಂದು ಸ್ಟೂಲ್ ಮಾಡಾಕ ಹೇಳ್ರಿ. ತಿಕೋಟಾಕ್ಕೂ."

ಸ್ಟೂಲುಗಳು ಬಂದ ದಿನ ಸಾಹುಕಾರರು ತಾವೇ ಒಂದರ ಮೇಲೆ ಕೂತು ಅವಳಿಗೆ ಫೋನ್ ಮಾಡಿದರು. ಅಂಗಡಿಯೆಲ್ಲ ಕೇಳಲೆಂದು ಸ್ಪೀಕರ್ ಹಾಕಿದರು.

"ತಂಗೀ, ನೀ ಹೇಳಿದ್ದು ಖರೇ ಐತಿ. ಈಗ ಎಲ್ಲಾರಿಗೂ ಕುಂಡ್ರಾಕ ಕೊಟ್ಟೇನಿ. ತಿಕೋಟಾ ಅಂಗಡಿ ನೀನ ನೋಡ್ಕೋ, ನಿಮ್ಮೂರ ಹುಡುಗ್ಯಾರನ್ನೂ ಕರಕೊಂಡು ಬಾ. ಆ ಒಂದು ಚುಕ್ಕಿನ ಮಾತ್ರ ಇವತ್ತ ಐದು ಮಾಡಿಬಿಡು."

ಹೆಣ್ಣುಮಕ್ಕಳೆಲ್ಲ ಕೂತಲ್ಲೇ ಕಿವಿ ನಿಮಿರಿಸಿದರು.

"ಕೆಲಸಕ್ಕ ನಾಳಿಂದನ ಬರ್ತೇನ್ರಿ ಸಾವ್ಕಾರ್ರ" ಎಂದಳು ಅವಳು. "ಚುಕ್ಕಿದು ಮಾತ್ರ, ಒಂದು ಸೀಜನ್ ಕುಂತು ನೋಡಿ ಹೇಳ್ತೇನ್ರಿ."