ಪ್ರಿಂಟರಿನ ಡಬ್ಬದಲ್ಲಿ ಬಂದ ಕೋಡ್

ಕಂಪನಿಗಳು ಮಾರುವ ಸಾಫ್ಟ್‌ವೇರಿನಲ್ಲಿ ಯಾರ್ಯಾರ ಕೋಡ್ ಸೇರಿಕೊಂಡಿದೆ, ಅದನ್ನು ಮಾರಬಹುದೇ ಎಂದು ನೋಡಿ ಹೇಳುವುದು ನನ್ನ ಕೆಲಸ. ನೈರೋಬಿಯಲ್ಲಿ ನೋಡಿದ್ದೇನೆ, ಲಿಸ್ಬನ್ನಿನಲ್ಲೂ ನೋಡಿದ್ದೇನೆ; ಕದ್ದೆ ಅಂದವರು ಇದುವರೆಗೆ ಒಬ್ಬರೂ ಸಿಕ್ಕಿಲ್ಲ. ಎಲ್ಲರಿಗೂ ಅದು "ಜೊತೆಗೇ ಬಂದಿತ್ತು". ಹೋದ ವರ್ಷವಂತೂ ಮುಂಬೈಯ ಜೋಗೇಶ್ವರಿಯ ಒಂದೇ ಆಫೀಸಿನಲ್ಲಿ ಮೂರು ಸಲ ನಕ್ಕೆ.

೧. ಬ್ಲೌಸ್ ಪೀಸ್

ಮಾಲೀಕರು ವಿಜಯಪುರದವರು. ತೂಕದ ಯಂತ್ರಗಳಿಗೆ ಸಾಫ್ಟ್‌ವೇರ್ ಮಾಡುತ್ತಾರೆ. ಡೆನ್ಮಾರ್ಕಿನಿಂದ ಅವರಿಗೆ ಮೊದಲ ವಿದೇಶಿ ಆರ್ಡರ್ ಬಂದಿತ್ತು; ನಾನು ಸಹಿ ಹಾಕಿದರೆ ಮಾತ್ರ ಖಾಯಂ. ತೆಗೆದು ನೋಡಿದರೆ, ಬಾರ್‌ಕೋಡ್ ಮುದ್ರಿಸುವ ಭಾಗವನ್ನು ಪ್ರಿಂಟರಿನ ಡಬ್ಬದಲ್ಲಿ ಬಂದ ಪೆನ್‌ಡ್ರೈವಿನಿಂದ ಇಡಿಯಾಗಿ ಎತ್ತಿದ್ದರು.

"ಇದು ಬೇರೆಯವರದು" ಅಂದೆ.

"ಸೀರಿ ಜೋಡಿ ಬ್ಲೌಸ್ ಪೀಸ್ ಬರ್ತದ್ರಿ ಮೇಡಂ. ಹೊಲಿಸ್ಕೊಳ್ಳಾಕ ಮಿಲ್ಲಿನವರನ್ನ ಕೇಳ್ತೀರೇನು?"

"ಹೊಲಿಸಿಕೊಳ್ಳೋಕೆ ಕೇಳಲ್ಲ. ನೀವು ಅದರದೇ ಅಂಗಡಿ ಇಟ್ಟಿದ್ದೀರಲ್ಲ!"

ಸೋತೆ ಎಂದು ಅವರು ಒಪ್ಪಲಿಲ್ಲ. ಅರ್ಧ ಗ್ಲಾಸಿನ ಕಟಿಂಗ್ ಚಾಯ್ ತರಿಸಿದರು.

೨. ಸಫಾಯಿ

ಪುಣ್ಯಕ್ಕೆ ಕೋಡ್ ಬರೆದಾತ ಉದಾರಿ. "ಬಳಸಿ, ಬದಲಿಸಿ, ಬೇಕಾದರೆ ಮಾರಿ. ನನ್ನ ಹೆಸರು ಮತ್ತು ಈ ಷರತ್ತು ಮಾತ್ರ ಅಳಿಸಬೇಡಿ" ಎಂದು ಪೆನ್‌ಡ್ರೈವಿನಲ್ಲೇ ಬರೆದಿಟ್ಟಿದ್ದ. ಇವರ ಫೈಲುಗಳಲ್ಲಿ ಎರಡೂ ಇಲ್ಲ!

ಅಲ್ಲಿ ಪ್ರೋಗ್ರಾಂ ಬರೆಯುವವಳು ಮಾಲೀಕರ ಮಗಳೇ, ಮುಂಬೈಯಲ್ಲಿ ಬೆಳೆದವಳು. ಹೆಮ್ಮೆಯಿಂದ ಹೇಳಿದಳು: "ಆಂಟಿ, ದಿವಾಳಿ ಹಬ್ಬದ ಮೊದಲು ನಾನು ಸಫಾಯಿ ಮಾಡಿದೆ ನಾ. ಆ ಲೈನ್ಸ್ ಏನೂ ಕಾಮ್ ಮಾಡ್ತಾ ಇರ್ಲಿಲ್ಲ."

ಆತ ಕೋಡೆಲ್ಲ ಪುಕ್ಕಟೆ ಕೊಟ್ಟಿದ್ದ. ಇರಿಸಿಕೊಳ್ಳಿ ಅಂದ ಎರಡೇ ಎರಡನ್ನು ಇವಳು ಗುಡಿಸಿ ಹಾಕಿದ್ದಳು.

೩. ಬೆಂಚು

"ಎರಡನ್ನೂ ಫೈಲಿಗೆ ವಾಪಸ್ ಹಾಕಿ, ಸಾಕು" ಅಂದೆ. ಮಾಲೀಕರಿಗೆ ಸಾಲಲಿಲ್ಲ.

"ಉಪಕಾರ ಮಾಡ್ಯಾರ, ತೆರೆದ ಕೂಡ್ಲೇ ದೊಡ್ಡದಾಗಿ ಕಾಣ್ಬೇಕ್ರಿ. ಬೇಟಾ, ನಮ್ಮ ಬಿಲ್ಡಿಂಗ್ ಕೆಳಗಿನ ಬೆಂಚಿನ ಮ್ಯಾಲ ಹೆಸರು ಹ್ಯಾಂಗ ಬರ್ದಾರ ನೋಡು, ಹಂಗ ಬರಿ."

ಮಗಳು ಬೆಂಚಿನ ಬರಹವನ್ನೂ ಇಡಿಯಾಗಿ ಎತ್ತಿದಳು. ಹೆಸರಷ್ಟೇ ಬದಲಿಸಿದಳು.

ಮರುವಾರ ವಿಡಿಯೋ ಕಾಲಿನಲ್ಲಿ ಪ್ರೋಗ್ರಾಂ ತೆರೆದೆವು. ಡೆನ್ಮಾರ್ಕಿನ ಇಂಜಿನಿಯರ್ ಪರದೆ ಓದಿ ಬಿಳಿಚಿಕೊಂಡ. ಅವನಿಗೆ ಆ ಕೋಡಿನವನ ಪರಿಚಯವಿತ್ತು.

"ತೀರಿಕೊಂಡನೇ? ಬೆಳಿಗ್ಗೆ ತಾನೇ ನನಗೆ ಮೇಲ್ ಹಾಕಿದ್ದ!"

ಪರದೆಯ ಮೇಲೆ, ಹೂವಿನ ಅಂಚಿನೊಳಗೆ, ದಪ್ಪ ಇಂಗ್ಲಿಷಿನಲ್ಲಿ ಆತನ ಹೆಸರು. ಅದರ ಮೇಲೆ "ಇವರ ಪ್ರೀತಿಯ ನೆನಪಿಗಾಗಿ". ಆ ಬೆಂಚು ಯಾರೋ ತೀರಿಕೊಂಡವರ ನೆನಪಿಗೆ ಹಾಕಿಸಿದ್ದು.

ಆರ್ಡರ್ ಹೋಯಿತು ಅಂದುಕೊಂಡೆ. ಕೋಡ್ ಬರೆದಾತನಿಗೇ ಕ್ಷಮೆ ಕೇಳಿ ಬರೆದೆವು. ಸಂಜೆಯೊಳಗೆ ಸ್ವತಃ "ದಿವಂಗತ"ರಿಂದಲೇ ಉತ್ತರ: "ಹೆಸರು ಉಳಿಸಿದ್ದೀರಿ, ಸಂತೋಷ. ನನ್ನನ್ನೂ ಉಳಿಸಬೇಕೆಂದು ಷರತ್ತಿನಲ್ಲಿ ಬರೆಯದೇ ಹೋದದ್ದು ನನ್ನದೇ ತಪ್ಪು."

ಆ ಹೂವಿನ ಪರದೆ ತೆಗೆಸಿ, ಹೆಸರು, ಷರತ್ತು ಎರಡೂ ಫೈಲಿನಲ್ಲಿರುವುದನ್ನು ನೋಡಿ ಸಹಿ ಹಾಕಿದೆ. ಆರ್ಡರ್ ಉಳಿಯಿತು. ಮಾಲೀಕರು ಮತ್ತೆ ಕಟಿಂಗ್ ತರಿಸಿ ಅಂದರು:

"ಎಂಥಾ ದೊಡ್ಡ ಮನಷ್ಯಾರಿ ಮೇಡಂ! ಸತ್ತ ಮ್ಯಾಲೂ ಪರವಾನಗಿ ಕೊಟ್ರು!"